ವಾಪಸ್ ಬಂದ ಜಮಖಾನೆ

ನವಲಗುಂದ
೯ ಸೆಪ್ಟೆಂಬರ್ ೨೦೨೪

ಪ್ರೀತಿಯ ಗಂಗಾ,

ನೀವೆಲ್ಲ ಆರಾಮ ಇದ್ದೀರೆಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ಮಗ ಗೌಸ್‌ಗೆ ಎಂಟು ದಿನ ಜ್ವರ, ಅವನು ಎದ್ದ ಮೇಲೆ ನಮ್ಮತ್ತೆಗೆ. ಫೋನ್ ಮಾಡೋಣವೆಂದರೆ ನಮ್ಮ ಮನೆಯಲ್ಲಿ ಫೋನ್ ಹಿಡಿದವರ ಸುತ್ತ ಎಲ್ಲರೂ ಬಂದು ಕೂಡುತ್ತಾರೆ. ದಣಿದುಹೋಗಿದ್ದೇನೆ ಗಂಗಾ. ಮಲಗಿ ಎದ್ದರೂ ಹೋಗದ ದಣಿವು.

ಅಳ್ನಾವರದ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಕಲಿಸಿ ನೀನು ಪೂರಾ ಟೀಚರಾಗಿಬಿಟ್ಟಿದ್ದೀ. ನಾನು ಕೇಳಿದ್ದು ಎರಡು ಪದ, ನೀನು ಬರೆದದ್ದು ಎರಡು ಪುಟ! ಡಬ್ಬಿ ಕೆಳಗೆ ಬಿದ್ದು ನೆಗ್ಗಿದರೆ ಡ್ಯಾಮೇಜ್, ಮಾಡುವಾಗಲೇ ಮುಚ್ಚಳ ಕೂಡದಿದ್ದರೆ ಡಿಫೆಕ್ಟ್, ಹಾಲು ಕೆಟ್ಟರೆ ಸ್ಪಾಯಿಲ್, ಕೈ ಮುರಿದರೆ ಇಂಜುರಿ, ಮನಸ್ಸಿಗಾದರೆ ಹರ್ಟ್. ನಾವು ಇವೆಲ್ಲಕ್ಕೂ ‘ಕೆಡ್ತು’ ಅಂದು ಮುಗಿಸುವವರು. ಓದುತ್ತ ನಕ್ಕೆ. ಅದೇ ಕೊನೆ, ಆಮೇಲೆ ನಗು ಬಂದಿಲ್ಲ.

ಯಾಕೆ ಕೇಳಿದ್ದೆನೆಂದು ಹೇಳುತ್ತೇನೆ. ನಮ್ಮ ಹೆಂಗಸರ ಸಂಘದ ಜಮಖಾನೆಗಳು ದಿಲ್ಲಿಯ ವ್ಯಾಪಾರಿಗೆ ಹೋಗುತ್ತವೆ. ಪಿಯುಸಿ ಓದಿದವಳು ನಾನೊಬ್ಬಳೇ ಆದ್ದರಿಂದ ಕಾಗದಪತ್ರವೆಲ್ಲ ನನ್ನ ಕೈಯಲ್ಲಿ. ಜುಲೈ ಕೊನೆಗೆ ಒಂದು ಜಮಖಾನೆ ವಾಪಸ್ ಬಂತು. ನಡುವೆ ಗೇಣುದ್ದ ಎಳೆಗಳು ಬಿಟ್ಟುಕೊಂಡು ಹಿಂಜಿಹೋಗಿದ್ದವು. ಜೊತೆಗೊಂದು ಫಾರ್ಮು. ನೇಯುವಾಗಿನ ತಪ್ಪಾದರೆ ಡಿಫೆಕ್ಟ್, ನೇಯ್ದ ಮೇಲೆ ಯಾರಿಂದಲೋ ಆದದ್ದಾದರೆ ಡ್ಯಾಮೇಜ್. ಒಂದಕ್ಕೆ ಗುರುತು ಹಾಕಿ ಕಳಿಸಬೇಕು. ನೇಯ್ದವಳು ರೇಷ್ಮಾಬಿ ಖಾಲಾ, ನಮ್ಮಮ್ಮನ ತಂಗಿ, ನನ್ನನ್ನು ಬಾಜೂಕ್ಕೆ ಕೂಡಿಸಿಕೊಂಡು ಮಗ್ಗ ಕಲಿಸಿದವಳು.

ನಿನ್ನ ಪತ್ರ ಓದಿದ ಮರುದಿನ ನಾನು ಡಿಫೆಕ್ಟ್‌ಗೆ ಗುರುತು ಹಾಕಿದೆ.

ಹೋದ ವಾರ ಉತ್ತರ ಬಂತು. ಇದನ್ನು ನೇಯ್ದವಳ ಜಮಖಾನೆ ಇನ್ನು ಬೇಡವಂತೆ. ಸಂಘದ ಅಧ್ಯಕ್ಷೆ ನಾಜಮೀನ್ ಎಲ್ಲರ ಮುಂದೆ ಹೇಳಿದಳು. ಖಾಲಾ ಜಗಳವಾಡುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿದಳು.

“ಶಮಾ, ಆ ಕಾಗದದಾಗ ಏನಂತ ಬರದೀ?”

“ನೇಯೂ ಮುಂದ ಆದ ತಪ್ಪು ಅಂತ, ಖಾಲಾ.”

“ನೀ ಬರದೀ ಅಂದ್ರ ಖರೇನ ಇರಬೇಕ ಬಿಡು. ಕಣ್ಣು ಮೊದಲಿನಂಗ ಇಲ್ಲವಾ. ನಲವತ್ತ ವರ್ಷ ಆತು, ಕೈಗೂ ವಯಸ್ಸಾಗೂದಿಲ್ಲೇನು?”

ಅವಳ ಮಗ್ಗ ಖಾಲಿ ಬಿದ್ದಿದೆ. ಆ ಜಮಖಾನೆಯನ್ನು ಮನೆಗೆ ಒಯ್ದಿದ್ದಾಳೆ. ನಾನು ಹೋದಾಗಲೆಲ್ಲ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಸಾಲು ಬೆರಳಿನಿಂದ ಎಣಿಸುತ್ತಿರುತ್ತಾಳೆ. “ಎಲ್ಲಿ ತಪ್ಪಿದ್ನೋ ತಿಳೀವಲ್ದು ನೋಡು” ಅನ್ನುತ್ತಾಳೆ. ಚಹಾ ಕುಡಿದು ಎದ್ದು ಬರುತ್ತೇನೆ.

ಹೊಸ ಕೆಲಸ ಬಂದಿದೆ, ಹನ್ನೆರಡು ಜಮಖಾನೆ. ಖಾಲಾಳ ಪಾಲಿನ ಎರಡನ್ನು ನಾಜಮೀನ್ ನನಗೇ ಕೊಟ್ಟಿದ್ದಾಳೆ.

ನಿನ್ನ ಮಗಳು ಸೀಮಾ ಹತ್ತನೆಯ ಇಯತ್ತೆಗೆ ಬಂದಳಲ್ಲವೇ? ಚೆನ್ನಾಗಿ ಓದಲಿ, ನಿನ್ನ ಹಾಗೆ ತನ್ನ ಕಾಲ ಮೇಲೆ ನಿಲ್ಲಲಿ. ಅವಳಿಗೆ ನನ್ನ ದುವಾ ಸದಾ ಇದೆ. ಮನೆಯವರಿಗೆ ನಮಸ್ಕಾರ ತಿಳಿಸು.

ನಿನ್ನ
ಶಮಾ

ತಾ.ಕ.: ಇದನ್ನು ಓದಿ ಹರಿದುಹಾಕು. ಆ ಜಮಖಾನೆಯನ್ನು ದಿಲ್ಲಿಗೆ ಕಳಿಸುವಾಗ, ನಾನೇ ಕಟ್ಟಿ ಹೊಲಿದಿಟ್ಟ ಗಂಟಿನೊಳಗೆ ಚೀಟಿ ಹಾಕಲು ಮರೆತಿದ್ದೆ. ಹೊಲಿಗೆ ಬಿಚ್ಚುವಾಗ ನನ್ನ ಚಾಕು ಒಳಗೆ ತಾಗಿತು. ತಾಗಿದ್ದು ಕೈಗೆ ಗೊತ್ತಾಗಿತ್ತು, ನೋಡದೆ ಮತ್ತೆ ಹೊಲಿದೆ. ಡ್ಯಾಮೇಜ್ ಅಂದಿದ್ದರೆ ಗಂಟು ಕಟ್ಟಿದವಳು ಯಾರೆಂದು ಕೇಳುತ್ತಿದ್ದರು. ನಿನ್ನೆ ಖಾಲಾ ಮನೆಗೆ ಬಂದಿದ್ದಳು. ತನ್ನಿಂದ ನನಗೆ ವ್ಯಾಪಾರಿಯ ಮುಂದೆ ತಲೆ ತಗ್ಗಿಸುವ ಹಾಗಾಯಿತೆಂದು, “ಮಾಫ್ ಮಾಡವಾ ಶಮಾ” ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಾನು, “ಇರ್ಲಿ ಬಿಡು ಖಾಲಾ” ಅಂದೆ.