ಹಾಳೂರ ದಿಬ್ಬದ ಮೂಡಣ ಮೂಲೆ

ಧಾರವಾಡ,
ತಾ. ೧೪ ಫೆಬ್ರುವರಿ ೧೯೪೭

ಚಿ. ಸೌ. ಮೃಣಾಲಿನಿಗೆ ತಂದೆಯ ಅನೇಕ ಆಶೀರ್ವಾದಗಳು.

ಇತ್ತ ನಾವಿಬ್ಬರೂ ಕ್ಷೇಮ. ಸೋಲಾಪುರದಲ್ಲಿ ನೀನೂ ಅಳಿಯಂದಿರಾದ ದತ್ತು ಅವರೂ ಕುಶಲದಿಂದಿರುವಿರೆಂದು ನಂಬಿದ್ದೇನೆ. ನಿನ್ನ ಸಂಕ್ರಾಂತಿಯ ಪತ್ರಕ್ಕೆ ಉತ್ತರಿಸಲು ವಿಳಂಬವಾದುದಕ್ಕೆ ಸಬಲ ಕಾರಣವುಂಟು. ಅದನ್ನು ಈ ಕೆಳಗೆ ನಿವೇದಿಸಿದ್ದೇನೆ. ಈ ಸಾಲನ್ನು ಓದಿ ನಿನ್ನ ತಾಯಿ, “ಮಗಳಿಗೂ ಅರ್ಜಿ ಬರೀತೀರೇನ್ರಿ? ಸ್ಟಾಂಪು ಹಚ್ಚೂದು ಮರೀಬ್ಯಾಡ್ರಿ” ಎಂದು ಹಂಗಿಸಿದಳು. ಆಯುಷ್ಯವೆಲ್ಲ ಕಚೇರಿಯ ಅರ್ಜಿಗಳನ್ನು ನಕಲು ಮಾಡಿದ ಕೈ ಬೇರೆ ಕನ್ನಡವನ್ನು ಒಲ್ಲದು.

ನಮ್ಮ ಓಣಿಯ ಹಿಂದಿನ ಹಾಳೂರ ದಿಬ್ಬವನ್ನು ಸರಕಾರದವರು ಅಗೆಯಿಸುತ್ತಿದ್ದಾರೆ. ಅದರ ಹೊಟ್ಟೆಯಲ್ಲಿ ಎರಡು ಸಾವಿರ ವರ್ಷದ ಹಿಂದಿನ ಊರಿದೆಯಂತೆ. ಕಪ್ಪು-ಕೆಂಪು ಮಡಕೆಗಳು, ಶಂಖದ ಬಳೆಗಳು ದೊರೆತಿವೆ. ಹೋದ ವಾರ ಒಂದು ಮನೆಯ ನೆಲದಡಿಯಲ್ಲಿ, ಗಡಿಗೆಯೊಳಗೆ ಮಲಗಿಸಿದ್ದ ಹಸುಗೂಸಿನ ಎಲುಬುಗಳು ಸಿಕ್ಕವು. ಕುಂಚದಿಂದ ಧೂಳು ಒರೆಸಿ, ಸಂಖ್ಯೆಯ ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟರು. ಮುಂದಿನ ಗುಂಡಿಗೆ ಮೂಡಣ ಮೂಲೆಯಲ್ಲಿ ಗೂಟ ಬಡಿದರು. ಮಗಳೇ, ತೊಟ್ಟಿಲಿಗೆ ಹಾಕುವ ಮುನ್ನವೇ ತೀರಿದ ನಿನ್ನ ಚೊಚ್ಚಲ ಕೂಸನ್ನು ನಾನೂ ಅಳಿಯಂದಿರೂ ಮಣ್ಣು ಮಾಡಿದ್ದು ಅಲ್ಲಿಯೇ.

ನನ್ನ ಮೊಮ್ಮಗಳು ಚೀಟಿಯ ಸಂಖ್ಯೆಯಾಗಕೂಡದೆಂದು ನಿಶ್ಚಯಿಸಿ ಅಧಿಕಾರಿಗಳ ಡೇರೆಗೆ ಹೋದೆನು. ಅವರು ಸಜ್ಜನರು, ಗುರುತಿನ ಕಲ್ಲುಂಟೇ ಎಂದು ಕೇಳಿದರು. ನಾಮಕರಣವಾಗದ ಕೂಸಿಗೆ ನಮ್ಮಲ್ಲಿ ಕಲ್ಲೂ ಇಲ್ಲ, ತಿಥಿಯೂ ಇಲ್ಲವೆಂದು ಅರಿಕೆ ಮಾಡಿಕೊಂಡೆನು. ಹಾಗಾದರೆ ಕೆಲಸ ನಿಲ್ಲಿಸಲಾಗದೆಂದರು. ಮರುದಿನ ಬೆಳಿಗ್ಗೆ ಸದರಿ ಗೂಟಗಳ ನಡುವೆ ಕುರ್ಚಿ ಹಾಕಿಕೊಂಡು ಕುಳಿತೆನು. ಅಗೆಯುವ ಫಕೀರಪ್ಪ, “ಏಳ್ರಿ ರಾಯರ, ನಿಮ್ಮನ್ನೂ ಹಳೇ ಸಾಮಾನಂತ ಪೆಟಿಗ್ಯಾಗ ಹಾಕ್ಯಾರು” ಎಂದನೇ ಹೊರತು ಗುದ್ದಲಿ ಎತ್ತಲಿಲ್ಲ.

ಎರಡು ಗುಂಡಿಗಳ ನಡುವೆ ಮಣ್ಣಿನ ಗೋಡೆಯೊಂದನ್ನು ಅಗೆಯದೆ ಬಿಡುವುದು ಅವರ ಪದ್ಧತಿ. ಆ ಗೋಡೆಯೇ ಕೂಸಿನ ಮೇಲೆ ಹಾಯುವಂತೆ ಗೂಟ ಸರಿಸಬೇಕೆಂದು ಕೋರಿದೆನು. ಬಿಸಿಲು ಏರಿದರೂ ನಾನು ಏಳಲಿಲ್ಲ. ಕಡೆಗೆ ಅಧಿಕಾರಿಗಳೇ ಬಂದು ಒಪ್ಪಿದರು. ಆದರೆ ಗೂಟ ಸರಿಸಿದ ಕಾರಣವನ್ನು ನಕ್ಷೆಯಲ್ಲಿ ಕಾಣಿಸಬೇಕು, ಯಾರ ಸಮಾಧಿಯೆಂದು ಬರೆಯಲಿ ಎಂದರು. ಒಂದು ಹೆಸರು ಹೇಳಿದೆನು. ಗೂಟ ಸರಿದಿದೆ. ಇನ್ನು ಅವಳನ್ನು ಯಾರೂ ಎಬ್ಬಿಸುವುದಿಲ್ಲ.

ನಿಮ್ಮಿಬ್ಬರ ಮನೆ ನಗುತ್ತಿರಲೆಂದು ಹರಸುವ,
ನಿನ್ನ ತಂದೆ
ಏಕನಾಥ

ತಾ.ಕ.: ಏನು ಹೆಸರು ಹೇಳಿದಿರೆಂದು ನಿನ್ನ ತಾಯಿ ಕೇಳಿದಳು. ವಿದ್ಯಾವತಿ ಎಂದೆನು, ಮನಸ್ಸಿನಲ್ಲಿ ಹಾಗೆಯೇ ಕರೆಯುತ್ತ ಬಂದಿದ್ದೇನೆ. ಅವಳು ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದು, “ನಾ ಯಮುನಾ ಅಂತಿದ್ದೆನ್ರಿ” ಎಂದಳು. ಒಂದೇ ಮನೆಯಲ್ಲಿದ್ದೂ ನಾವು ಒಬ್ಬರಿಗೊಬ್ಬರು ಹೇಳಿರಲಿಲ್ಲ. ನಕ್ಷೆಗೆ ಇನ್ನೂ ಶಾಯಿ ಬಿದ್ದಿಲ್ಲ. ನೀನು ಅವಳನ್ನು ಏನೆಂದು ಕರೆಯುತ್ತೀ? ಮರುಟಪಾಲಿಗೆ ತಿಳಿಸತಕ್ಕದ್ದು.