ಹೋಳಿಗೆ ಹಾಕಿದ ಕಾಗದ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.30

ಪಾಲಿಕೆಯವರು ಹೇಳಿದ್ದು: ದಿನಕ್ಕೊಮ್ಮೆ ನೀರು. ಬಂದದ್ದು: ನಾಲ್ಕು ದಿನಕ್ಕೊಮ್ಮೆ, ಮುಕ್ಕಾಲು ತಾಸು.
ಹೇಳಿದ್ದು: ಮೀಟರ್ ಕೂಡಿಸಿದರೂ ದರ ಏರದು. ಏರಿತು. ಒಂದಕ್ಕೆ ಎರಡು.
ಘರಪಟ್ಟಿ, ಅಂದರೆ ಮನೆ ಕಂದಾಯ, ಮುಟ್ಟುವುದಿಲ್ಲ ಅಂದಿದ್ದರು. ಮುಟ್ಟಿದರು. ಕೇಳಿದರೆ — ನಾವು ಹಾಗೆ ಅಂದೇ ಇಲ್ಲ.
ನೋಟೀಸು ಕನ್ನಡದಲ್ಲೂ ಕೊಡಿ ಅಂದೆವು. ಇಲ್ಲ.
ಮೊದಲು ನಮ್ಮ ಮಾತು ಕೇಳಿ, ಆಮೇಲೆ ದರ ಬರೆಯಿರಿ ಅಂದೆವು. ಇಲ್ಲ.

ಇಷ್ಟೇ. ಇದಕ್ಕಿಂತ ಉದ್ದದ ಕರಪತ್ರ ಬೇಡ. ಹನ್ನೆರಡು ತಾಸು ಮಗ್ಗದ ಮುಂದೆ ನಿಂತವನು ಇಷ್ಟು ಓದಿದರೆ ದೊಡ್ಡದು. ನಾನೂ ಈಗ ಪಾಳಿಯಿಂದಲೇ ಬಂದೆ. ಕಿವಿಯಲ್ಲಿ ಮಗ್ಗ ಇನ್ನೂ ನಿಂತಿಲ್ಲ. ಕೂದಲಲ್ಲಿ ಹತ್ತಿಯ ಧೂಳು. ತೊಳೆಯಲು ನೀರಿಲ್ಲ — ಸರದಿ ನಾಡಿದ್ದು.

ಮುದಕವ್ವ ಒಂದು ತಂಬಿಗೆ ತಂದಿಟ್ಟು ಹೋಗಿದ್ದಾಳೆ. ನಮ್ಮ ಚಾಳಿನಲ್ಲಿ ಏಳು ಖೋಲಿ, ಒಂದೇ ನಳ. ಆ ನಳ ಅವಳದು. ಮುಧೋಳದ ಕಡೆಯಿಂದ ಗಡಿ ದಾಟಿ ಮಹಾರಾಷ್ಟ್ರದ ಈ ಇಚಲಕರಂಜಿಗೆ ಬಂದ ಹೊಸದರಲ್ಲಿ ಮಗ್ಗಕ್ಕೆ ನೂಲಿನ ಕಾಂಡಿ ಸುತ್ತಿ, ಕೂಡಿಟ್ಟು, ತನ್ನ ಹೆಸರಲ್ಲೇ ಡಿಪಾಜಿಟ್ ಕಟ್ಟಿದಳು. ಗಂಡನ ಹೆಸರಲ್ಲಿ ಬ್ಯಾಡ, ಅಂವಾ ನಳಾನೂ ಕುಡದ ಬಿಡ್ತಾನ ಅಂದಿದ್ದಳಂತೆ. ಇಪ್ಪತ್ತಾರು ವರ್ಷ ಆಯಿತು. ಗಂಡ ಹೋದ. ನಳ ಉಳಿಯಿತು. ಯಾರಿಗೂ ಒಂದು ಕೊಡ ಇಲ್ಲ ಅಂದವಳಲ್ಲ.

ಮಾರ್ಚ್ 7, ಶುಕ್ರವಾರ

ನಿನ್ನೆ ನಮ್ಮ ಚಳವಳಿಯ ಸಮಿತಿ ಕೂಡಿತ್ತು. ಅಧ್ಯಕ್ಷರು ಅಣ್ಣಾಸಾಹೇಬರು — ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಮನೆತನ, ಇಲ್ಲಿ ಇಪ್ಪತ್ತು ಮಗ್ಗದ ಶೆಡ್. ಮಾಲೀಕ ಅಧ್ಯಕ್ಷ, ಕೂಲಿಕಾರ ನಾನು ಕಾರ್ಯದರ್ಶಿ. ಅವರಿಗೆ ಘರಪಟ್ಟಿಯ ಉರಿ, ನಮಗೆ ನೀರುಪಟ್ಟಿಯ ಉರಿ. ಸದ್ಯ ಒಂದೇ ಜಮಖಾನೆಯ ಮೇಲೆ ಕೂತಿದ್ದೇವೆ. ಎಷ್ಟು ದಿನ ಅನ್ನುವುದು ಬೇರೆ ಮಾತು.

ಠರಾವು ನಾನೇ ಮಂಡಿಸಿದೆ. ಬಿಲ್ ಕಟ್ಟುವುದಿಲ್ಲ, ಸುಡುತ್ತೇವೆ. ಬಿಲ್ಲಿನ ಹೋಳಿ ಈ ಕಡೆಯ ಚಳವಳಿಗೆ ಹೊಸದಲ್ಲ. ಈ ಸಲ ಖರೇ ಹೋಳಿಯ ದಿನವೇ, ಖರೇ ಹೋಳಿಯ ಬೆಂಕಿಯಲ್ಲೇ. ಒಬ್ಬರೂ ಬೇಡ ಅನ್ನಲಿಲ್ಲ.

ಇವತ್ತು ಚಾಳು ಚಾಳು ತಿರುಗಿ ಹೇಳಿದೆ: ನೀರಿನ ಕಾಗದ ಎಲ್ಲಾ ತಗೊಂಡ ಬರ್ರಿ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ

ನಿನ್ನೆ ರಾತ್ರಿ ಹೋಳಿಗೆ ಬಂದಷ್ಟು ಜನ ನಾನು ನೋಡಿಲ್ಲ. ಚೌಕದಲ್ಲಿ ಕುಳ್ಳು ಕಟ್ಟಿಗೆ ಒಟ್ಟಿದ ಸುತ್ತ ಹನ್ನೊಂದು ಚಾಳಿನವರು. ಹಲಗೆ. ಬೊಬ್ಬೆ. ವರ್ಷಕ್ಕೊಂದೇ ದಿನ, ಬಾಯಿ ಬಡಿದುಕೊಂಡು ಬೈಯಲು ದೇವರೇ ಪರವಾನಿಗೆ ಕೊಟ್ಟ ದಿನ. ನೀರಿನ ಕಚೇರಿಗೆ ಇಷ್ಟೊಂದು ಹೆಸರುಗಳಿವೆ ಅಂತ ನನಗೂ ತಿಳಿದಿರಲಿಲ್ಲ. ಹೆಂಗಸರು ಗಂಡಸರನ್ನು ಮೀರಿಸಿದರು.

ಒಬ್ಬೊಬ್ಬರಾಗಿ ಬಿಲ್ ಹಾಕಿದರು. ಮುದಕವ್ವನ ಕೈಯಲ್ಲಿ ದಪ್ಪ ಕಟ್ಟು. ನಮ್ಮವರಲ್ಲಿ ಫೈಲು ಎಲ್ಲಿ — ಹೊಸ ಬಿಲ್ ಬಂದರೆ ಹಳೆಯದರ ಮೇಲಿಟ್ಟು ಮಗ್ಗದ ನೂಲಿನಿಂದ ಹೊಲಿದು ಗೂಟಕ್ಕೆ ತೂಗುಹಾಕುವುದು. ಅವಳು ಬೆಂಕಿಯ ಮುಂದೆ ನಿಂತು ದಾರ ಬಿಚ್ಚುತ್ತಿದ್ದಳು. ಪೇಪರಿನವನು ಫೋಟೋ ಅಂದ. ಫೋಟೋಗೆ ದಪ್ಪ ಕಟ್ಟೇ ಚಂದ. ಅವಳ ಕೈಯಿಂದ ಇಸಿದುಕೊಂಡು, ಎತ್ತಿ ತೋರಿಸಿ, ಹಾಕಿದೆ.

ಇವತ್ತಿನ ಪೇಪರಿನಲ್ಲಿ ಬಂದಿದೆ. ಉರಿ, ನನ್ನ ಕೈ, ಕಟ್ಟು. ಮುದಕವ್ವ ಅರ್ಧ ಕಾಣುತ್ತಾಳೆ. ಬಾಯಿ ತೆರೆದಿದೆ. ಘೋಷಣೆ ಕೂಗುತ್ತಿರಬೇಕು.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ 3

ನೀರಿನ ಕಚೇರಿಯ ನೋಟೀಸು ಬಂತು. ಒಂದಕ್ಕಿಂತ ಹೆಚ್ಚು ಸಂಸಾರ ಒಂದೇ ನಳದಲ್ಲಿ ನೀರು ಹಿಡಿಯುತ್ತಿದ್ದರೆ, ಡಿಪಾಜಿಟ್ ಕಟ್ಟಿದ ಮೂಲ ಪಾವತಿ, ಅಂದರೆ ಅಸಲು ರಸೀದಿ, ತೋರಿಸಬೇಕು. ಮೂರು ದಿನ. ತೋರಿಸದಿದ್ದರೆ ನಳ ಅನಧಿಕೃತ, ಕಡಿಯುತ್ತಾರೆ. ಈ ತಿಂಗಳು ಮುಗಿದ ಮೇಲೆ ಪುಸ್ತಕದಿಂದ ಹೆಸರೇ ಹೋಗುತ್ತದೆ.

ನನಗೇನೂ ಅನ್ನಿಸಲಿಲ್ಲ. ಇಪ್ಪತ್ತಾರು ವರ್ಷ ಕಾಗದ ಕಾದಿಟ್ಟವಳು. ಹೋಗಿ ಕೇಳಿದೆ — ಅಕ್ಕಾ, ಪಾವತಿ ಕೊಡು, ನಾನೇ ತೋರಿಸಿ ಬರ್ತೇನಿ.

ಕಾಂಡಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಗೂಟ ತೋರಿಸಿದಳು. ಖಾಲಿ ಗೂಟ.

"ಕಟ್ಟಿನ ತಳದಾಗಿತ್ತಲ್ಲೋ ತಮ್ಮಾ. ಎಲ್ಲಾದಕ್ಕಿಂತ ಹಿಂದ."

ಬರೆಯಬೇಕು. ಹದಿನಾಲ್ಕನೇ ತಾರೀಖಿಗೆ ಬರೆಯದೆ ಬಿಟ್ಟದ್ದನ್ನು ಈಗ ಬರೆಯಬೇಕು. ಫೋಟೋದಲ್ಲಿ ಅವಳು ಘೋಷಣೆ ಕೂಗುತ್ತಿಲ್ಲ. ತಡೀ ತಮ್ಮಾ, ಹಿಂದಿಂದು ಬಿಚ್ಚಿಕೊಳ್ತೇನಿ ಅಂದಿದ್ದಳು. ಹಲಗೆಯ ಗದ್ದಲದಲ್ಲೂ ನನಗೆ ಕೇಳಿಸಿತ್ತು. ಹಳೇದೂ ಸುಡ್ಲಿ ಬಿಡಕ್ಕಾ ಅಂದಿದ್ದೆ. ಜನ ನಕ್ಕಿದ್ದರು. ನಗಿಸಿದ್ದು ಖುಷಿಯಾಗಿತ್ತು.

ಕಟ್ಟು ದಪ್ಪ. ತಕ್ಷಣ ಹತ್ತಿಕೊಂಡಿರಲಿಲ್ಲ. ಕೋಲಿನಿಂದ ಎಳೆದಿದ್ದರೆ ಬರುತ್ತಿತ್ತು. ಯಾಕೆ ಎಳೆಯಲಿಲ್ಲ ಅಂತ ಕೇಳಿದೆ — ಅವಳನ್ನು ಕೇಳುವ ಬಾಯಿ ನನಗೆ ಇನ್ನೂ ಇತ್ತು.

"ಹೋಳೀಗಿ ಕೊಟ್ಟದ್ದು ತಿರುಗಿ ತಗೀಬಾರದಪ್ಪ. ಮನೀಗಿ ಛಲೋ ಅಲ್ಲ."

ಕೈ ಮುಗಿದು ನಿಂತಿದ್ದಳಂತೆ. ಪೂರ್ತಿ ಉರಿಯುವ ತನಕ.

ಮಾರ್ಚ್ 19, ಬುಧವಾರ

ನೀರಿನ ಕಚೇರಿಯ ಗುಮಾಸ್ತ ಪದ್ಮಕುಮಾರ. ಮನೆಮಾತು ಕನ್ನಡ, ಟೇಬಲ್ಲಿನ ಮುಂದೆ ಮರಾಠಿ. ಯಾರೂ ಇಲ್ಲದಾಗ ಕನ್ನಡಕ್ಕೆ ಬರುತ್ತಾನೆ. ಹೇಳಿದ: ಸುಟ್ಟ ಬಿಲ್ಲಿನ ನಕಲು ಎಷ್ಟು ಬೇಕಾದರೂ ಕಂಪ್ಯೂಟರ್ ಕೊಡುತ್ತದೆ. ಡಿಪಾಜಿಟ್ ಪಾವತಿ ಕಂಪ್ಯೂಟರಿಗಿಂತ ಹಳೆಯದು. ಹೇಗೆ ಕಳೆಯಿತು ಅಂತ ಕೇಳಿದ.

ಕಳೆಯಿತು ಅಂದೆ. ಹೇಗೆ ಅಂತ ಹೇಳಲಿಲ್ಲ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 8

ನಿನ್ನೆ ಸರದಿ ಇತ್ತು. ನೀರಿಗಿಂತ ಮೊದಲು ನಳ ಕಡಿಯುವವರು ಬಂದರು. ಮೂರು ಜನ, ಒಂದು ಗರಗಸ, ಒಂದು ಬೂಚು. ಹತ್ತು ನಿಮಿಷ. ಏಳು ಖೋಲಿಯ ಕೊಡಗಳು ಸಾಲು ಹಿಡಿದು ನಿಂತೇ ಇದ್ದವು. ಮುದಕವ್ವ ಬಂದವರಿಗೆ ಚಹಾ ಬೇಕೇನು ಅಂದಳು. ಆಮೇಲೆ ನೀರಿಲ್ಲ ಅನ್ನುವುದು ನೆನಪಾಯಿತು.

ಮೂರನೇ ಖೋಲಿಯ ಫಕೀರವ್ವ ನನ್ನ ಬಾಗಿಲಿಗೆ ಖಾಲಿ ಕೊಡ ಇಟ್ಟು ಹೋದಳು. "ಕಾರ್ಯದರ್ಶಿಗಳ, ಘೋಷಣಾ ತುಂಬಿಸಿ ಕೊಡ್ರಿ."

ಇವತ್ತಿನಿಂದ ಪಕ್ಕದ ಚಾಳಿನ ನಳಕ್ಕೆ ಹೋಗಬೇಕು. ಅವರಿಗೂ ಅಲ್ಲಿ ಸಾಲದು. ಮುದಕವ್ವನ ಮೊಣಕಾಲು ಮಡಚುವುದಿಲ್ಲ. ನಿನ್ನೆಯ ತನಕ ಎಲ್ಲರೂ ಅವಳ ಬಾಗಿಲಿಗೆ ಬರುತ್ತಿದ್ದರು. ಇವತ್ತು ಅವಳು ಕೊಡ ಹಿಡಿದು ಬೇರೆಯವರ ಬಾಗಿಲಿಗೆ. ತಲೆಯ ಮೇಲಿನ ಸೆರಗು ಕಣ್ಣಿನ ತನಕ ಎಳೆದಿದ್ದಳು.

ಮಾರ್ಚ್ 24, ಸೋಮವಾರ. ಸಂಜೆ

ನಿನ್ನೆ ಹೊಸ ಕರಪತ್ರ ಕೈಗೆ ಬಂತು. ನಾನು ಬರೆದದ್ದಲ್ಲ. 'ಬಡ ವಿಧವೆಯ ಮೂಲ ಪಾವತಿಯನ್ನು ಕಚೇರಿಯೇ ನುಂಗಿದೆ.' ಕೆಳಗೆ ಅಧ್ಯಕ್ಷರ ಹೆಸರು, ಪಕ್ಕದಲ್ಲಿ ನನ್ನದು.

ಇವತ್ತು ಬೆಳಿಗ್ಗೆ ಎಸ್‌ಟಿ ಬಸ್ ಹಿಡಿದು ಗಡಹಿಂಗ್ಲಜಕ್ಕೆ ಹೋದೆ. ಅಣ್ಣಾಸಾಹೇಬರು ಅಡತಿ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ನಡುವೆ ಕೂತಿದ್ದರು. ಎಲ್ಲ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು — ಹೋಳಿಯ ಹತ್ತಿರ ಅವರೂ ಇದ್ದರಲ್ಲ. ಕರಪತ್ರ ವಾಪಸ್ ತೆಗೆಯಿರಿ ಅಂದೆ.

"ಯಲಗೂರಪ್ಪ, ಚಳವಳಿಗೆ ಒಂದು ಮಾರಿ ಬೇಕಾಗತೈತಿ, ಜನಕ್ಕ ತೋರ್ಸಾಕ. ಮುದಕವ್ವಂದು ಸಿಕ್ಕೈತಿ. ಸುಟ್ಟವ್ರು ನಾವ ಅಂತ ಹೇಳಿದ್ರ ಬುಧವಾರದ ಮೋರ್ಚಾಕ್ಕ ಕುತ್ರಾ ಸುದ್ಧಾ ಯೇಣಾರ ನಾಹೀ."

ನಾಯಿ ಸಹ ಬರುವುದಿಲ್ಲ ಅಂತ.

ಅಕ್ಕನ ನಳ ಏನ್ರಿ ಅಂದೆ. ಗೆದ್ದ ಮೇಲೆ ಹತ್ತು ನಳ ಕೊಡಿಸೋಣ ಅಂದರು. ಗೆಲ್ಲುವುದು ಎಂದು, ತಿಂಗಳು ಮುಗಿಯಲು ಏಳು ದಿನ ಉಳಿದಿದೆ ಅಂದೆ. ಚಹಾ ತರಿಸಿದರು. ಬೆಲ್ಲದ ಚಹಾ. ಕುಡಿದೆ.

ಮೂವತ್ತು ವರ್ಷ ಮೋರ್ಚಾದಲ್ಲಿ ಪಳಗಿದ ಬಾಯಿ ನನ್ನದು. ಕುಡಿದು ಸುಮ್ಮನೆ ಬಸ್ ಹತ್ತಿದ್ದೇನೆ. ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಅಂತ ದಾರಿಯುದ್ದಕ್ಕೂ ನನಗೆ ನಾನೇ ಭಾಷಣ ಮಾಡಿಕೊಂಡು ಬಂದೆ. ದರ ಏರಿಸಿದ್ದು ಖರೇ. ನೀರು ಕೊಡದೆ ಬಿಲ್ ಕಳಿಸಿದ್ದು ಖರೇ. ಇಷ್ಟು ಖರೇದರ ನಡುವೆ ಒಂದು…

ಮಾರ್ಚ್ 26, ಬುಧವಾರ. ಸಂಜೆ 6

ಮೋರ್ಚಾ ದೊಡ್ಡದಿತ್ತು. ಬಹಳ ದೊಡ್ಡದು. ಮಗ್ಗ ನಿಲ್ಲಿಸಿ ಬಂದಿದ್ದರು. ಮುದಕವ್ವನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು, ಕೈಗೆ ಖಾಲಿ ಕೊಡ ಕೊಟ್ಟರು. ಮೈಕು ನನ್ನ ಕೈಯಲ್ಲಿ.

ಪಾವತಿ ಎಲ್ಲಿದೆ — ಕೊಡಲೇಬೇಕು. ಪಾವತಿ ಎಲ್ಲಿದೆ — ಕೊಡಲೇಬೇಕು.

ಇಡೀ ಜನಜಾತ್ರೆಯಲ್ಲಿ ಪಾವತಿ ಎಲ್ಲಿ ಹೋಯಿತು ಅಂತ ಕಣ್ಣಾರೆ ಕಂಡವನೇ ಮೈಕಿನಲ್ಲಿ ಕೇಳುತ್ತಿದ್ದ.

ಮನವಿ ತೆಗೆದುಕೊಳ್ಳಲು ನೀರಿನ ಕಚೇರಿಯ ಸಾಹೇಬರು ಹೊರಗೆ ಬರಲಿಲ್ಲ. ಗುಮಾಸ್ತನನ್ನು ಕಳಿಸಿದರು. ಪದ್ಮಕುಮಾರ ಮೆಟ್ಟಿಲಿಳಿದ. ಇವನ ನುಂಗ್ಯಾನ ಅಂತ ಯಾರೋ ಅಂದರು. ಹಿಂದಿನಿಂದ ಡಬ್ಬಿ ಬಂತು — ಮಗ್ಗಕ್ಕೆ ಬಿಡುವ ಕರಿ ಎಣ್ಣೆ. ತಲೆ, ಕನ್ನಡಕ, ಅಂಗಿ. ಜನ ಬೊಬ್ಬೆ ಹೊಡೆದರು. ಹೋಳಿಯ ದಿನದ ಬೊಬ್ಬೆಯೇ.

ನಾನು ಮೈಕು ಕೆಳಗಿಳಿಸಲಿಲ್ಲ. ನಿಲ್ಲಿಸಿ ಅಂತಲೂ ಹೇಳಲಿಲ್ಲ.

ಮುದಕವ್ವ ಕೊಡ ನೆಲಕ್ಕಿಟ್ಟಳು. ಹೋಗಿ, ಅವನ ಕನ್ನಡಕ ತೆಗೆದು, ತನ್ನ ಸೆರಗಿನಿಂದ ಒರೆಸಿ ಕೊಟ್ಟಳು. ತಿರುಗಿ ಬರುವಾಗ ನನ್ನ ಮುಖ ನೋಡಿದಳು.

ಮಾರ್ಚ್ 27, ಗುರುವಾರ. ಬೆಳಿಗ್ಗೆ 9

ಪದ್ಮಕುಮಾರನ ಮನೆಗೆ ಹೋದೆ. ಬಾಗಿಲು ತೆಗೆದ. ಮುಖ ಉಜ್ಜಿ ಉಜ್ಜಿ ಕೆಂಪಾಗಿದೆ, ಕಿವಿಯ ಹಿಂದೆ ಎಣ್ಣೆ ಹಾಗೇ ಇದೆ. ಅಂಗಿ ಬಕೀಟಿನಲ್ಲಿ.

"ತೊಳ್ಯಾಕ ನೀರ ಇಲ್ರಿ. ನಮ್ಮ ಓಣಿಗೂ ನಾಕ ದಿನಕ್ಕೊಮ್ಮೆನ."

ನಗಲಿಲ್ಲ, ಹಾಗೇ ಹೇಳಿದ. ಪಾವತಿ ನುಂಗಿದ ಆರೋಪಕ್ಕೆ ಅವನ ಮೇಲೆ ಚೌಕಶಿ, ಅಂದರೆ ವಿಚಾರಣೆ, ಕೂತಿದೆ. ಹೊಸ್ತಿಲಲ್ಲಿ ನಿಂತೇ ಹೇಳಿದೆ: ನಾನು ಸುಟ್ಟೆ. ಹೋಳಿಯಲ್ಲಿ. ಅವಳು ತಡೀ ಅಂದರೂ ಕೇಳದೆ.

ಬೈಯುತ್ತಾನೆ ಅಂದುಕೊಂಡೆ. ಕಚೇರಿಯ ದನಿಯಲ್ಲಿ ಮಾತಾಡಿದ. ಮೂಲ ಪಾವತಿ ನಾಶವಾದರೆ, ನಾಶ ಮಾಡಿದವನೇ ಸ್ಟಾಂಪ್ ಪೇಪರಿನ ಮೇಲೆ ಹೇಗೆ, ಎಲ್ಲಿ, ಯಾವ ದಿನ ಅಂತ ಬರೆದುಕೊಡಬೇಕು. ಜೊತೆಗೆ ಪುರಾವೆ. ಆಗ ಹಳೆಯ ದಫ್ತರದ ರಜಿಸ್ಟರ್ ಹುಡುಕಲು ಅಪ್ಪಣೆ ಸಿಗುತ್ತದೆ. ಹೆಸರು ಸಿಕ್ಕರೆ ನಳ. ಸಿಗದಿದ್ದರೆ ಇಲ್ಲ. ಅರ್ಜಿ ಈ ತಿಂಗಳು ಮುಗಿಯುವುದರೊಳಗೆ ಬೀಳಬೇಕು. ಬಿದ್ದರೆ ಅದರ ಪ್ರತಿ ಬೋರ್ಡಿಗೆ ಹಚ್ಚುತ್ತಾರೆ, ಯಾರದಾದರೂ ತಕರಾರು ಇದೆಯೇ ಅಂತ. ಊರೇ ಓದುತ್ತದೆ.

ಪುರಾವೆ ಎಲ್ಲಿಂದ ತರಲಿ ಅಂದೆ.

"ಪೇಪರದಾಗ ಫೋಟೋ ಬಂದೈತೆಲ್ರಿ ನಿಮ್ದು. ಅದನ್ನ ಜೋಡಸ್ರಿ."

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ

ಬರೆಸಿದೆ. ಕೋರ್ಟಿನ ಮುಂದೆ ಟೈಪ್ ಮಾಡುವವನು ನನ್ನ ಮಾತನ್ನು ಮರಾಠಿಗೆ ಹಾಕುತ್ತ 'ಆಕಸ್ಮಿಕವಾಗಿ ಬೆಂಕಿಗೆ ಬಿತ್ತು' ಅಂತ ಹೊಡೆದ. ಎಲ್ಲರೂ ಹಾಗೇ ಬರೆಸುತ್ತಾರಂತೆ, ಕೇಸು ಆಗುವುದಿಲ್ಲವಂತೆ. ಮುದಕವ್ವನಿಗೆ ಓದಿ ಹೇಳಿದೆ. ಮಾತಿನ ಮಧ್ಯೆ ತಡೆದಳು.

"ಬಿದ್ದಿಲ್ಲ. ನೀ ಹಾಕಿದಿ. ನಾ ತಡೀ ಅಂದಿದ್ದೆ. ಅದನ್ನೂ ಬರಸು."

ಇನ್ನೊಂದು ಸ್ಟಾಂಪ್ ಪೇಪರ್ ತಂದು ಹಾಗೇ ಬರೆಸಿದೆ. ಅವಳು ಕಾಂಡಿಯ ನೂಲು ತಂದಿದ್ದಳು. ಅರ್ಜಿ, ಪ್ರತಿಜ್ಞಾಪತ್ರ, ಪೇಪರಿನ ಫೋಟೋ ಮೂರನ್ನೂ ಕಚೇರಿಯ ಬೆಂಚಿನ ಮೇಲೆ ಕೂತು ಹೊಲಿದಳು. ಟೇಬಲ್ಲಿನವನು — ಪದ್ಮಕುಮಾರ ಅಲ್ಲ, ಚೌಕಶಿ ಮುಗಿಯುವ ತನಕ ಅವನನ್ನು ಅಲ್ಲಿ ಕೂಡಿಸುವುದಿಲ್ಲ — ಸ್ಟೇಪ್ಲರ್ ಕೊಟ್ಟ. ಬೇಡ ಅಂದಳು.

ಅರ್ಜಿ ಮುಟ್ಟಿದ್ದಕ್ಕೆ ಪೋಚ್ ಚೀಟಿ ನನ್ನ ಕೈಗೆ ಕೊಟ್ಟರು. ಅವಳು ನನ್ನ ಕೈಯಿಂದ ತೆಗೆದುಕೊಂಡು ಕುಪ್ಪಸದಲ್ಲಿಟ್ಟಳು.

ಮಾರ್ಚ್ 29, ಶನಿವಾರ. ಸಂಜೆ 5

ಅರ್ಜಿಯ ಪ್ರತಿ ಬೋರ್ಡಿಗೆ ಬಿದ್ದಿದೆ. ಇನ್ನೂ ಹೆಚ್ಚು ಜನ ನೋಡಿಲ್ಲ. ಸೋಮವಾರ ನೋಡುತ್ತಾರೆ. ಅಣ್ಣಾಸಾಹೇಬರು ನೋಡಿದ್ದಾರೆ. ಫೋನ್ ಮಾಡಿದ್ದರು. ನಾಳೆಯ ಸಭೆಗೆ ಬರಬೇಡ, ತಬ್ಯೇತು ಸರಿ ಇಲ್ಲ ಅಂತ ಹೇಳುತ್ತೇವೆ, ನಿನ್ನ ಮರ್ಯಾದೆಯೂ ಉಳಿಯುತ್ತದೆ, ಚಳವಳಿಯದೂ. ಬರುತ್ತೇನೆ ಅಂದೆ. ಎಣ್ಣೆ ಸುರಿದವರಿಗೆ ಇನ್ನೊಂದು ಡಬ್ಬಿ ಸಿಗುತ್ತದೆ ಅಂದರು. ಬೆದರಿಕೆಯಲ್ಲ, ಲೆಕ್ಕ. ನನಗೂ ಹಾಗೇ ಅನ್ನಿಸುತ್ತದೆ.

ಬಿಲ್ ಕಟ್ಟುವುದಿಲ್ಲ. ಆ ಮಾತಿನಿಂದ ಒಂದು ಹೆಜ್ಜೆ ಹಿಂದೆ ಇಲ್ಲ. ಆದರೆ ಜನ ಹೋಗುವುದಾದರೆ ಖರೇ ಕೇಳಿ ಹೋಗಲಿ. ಉಳಿದಷ್ಟು ಜನರಿಂದ ಮತ್ತೆ ಕಟ್ಟುತ್ತೇನೆ — ಕಟ್ಟಲು ಬಿಟ್ಟರೆ.

ನಾಳೆ ಯುಗಾದಿ. ಮುದಕವ್ವ ಮೂರು ಸಲ ಪಕ್ಕದ ಚಾಳಿಗೆ ಹೋಗಿ ಎರಡು ಕೊಡ ತಂದಿದ್ದಾಳೆ. ಒಂದರಲ್ಲಿ ಬೇವಿನ ಸೊಪ್ಪು ಹಾಕಿಟ್ಟಿದ್ದಾಳೆ. ಇನ್ನೊಂದನ್ನು ನನ್ನ ಬಾಗಿಲಿಗೆ ಇಟ್ಟಿದ್ದಾಳೆ. ಯಾಕಕ್ಕಾ ಅಂದೆ.

"ಎಣ್ಣಿ ಹಾಕಿದ್ರ ತೊಳಕೊಳ್ಳಾಕ ಬೇಕಲ್ಲ."

ಯುಗಾದಿಗೆ ಮಗ್ಗ ಬಂದ್. ಎಲ್ಲರೂ ಬರುತ್ತಾರೆ. ಸಭೆ ರವಿವಾರ, ಮಾರ್ಚ್ 30, ಬೆಳಿಗ್ಗೆ ಹತ್ತು ಗಂಟೆಗೆ. ಹೋಳಿ ಸುಟ್ಟ ಚೌಕದಲ್ಲೇ. ಮೊದಲ ಮಾತು: ಪಾವತಿ ಸುಟ್ಟವನು ನಾನು.