ಲಾಯದಲ್ಲಿ ಕಲಿತ ಫ್ರೆಂಚ್

ತುಮಕೂರು, ೧೯೮೪

ಅಪ್ಪಾ,

ಇವತ್ತು ಬೆಂಗಳೂರಿನಲ್ಲಿ ಫ್ರೆಂಚ್ ರೀಡರ್ ಹುದ್ದೆಗೆ ನನ್ನ ಸಂದರ್ಶನವಿತ್ತು. ಉಚ್ಚಾರಣೆ ತುಂಬ ಚೆನ್ನಾಗಿದೆ, ಮೊದಲು ಕಲಿಸಿದವರು ಯಾರು ಎಂದು ಕೇಳಿದರು. ಕಾಲೇಜಿನ ನಮ್ಮ ಪ್ರೊಫೆಸರ್ ಹೆಸರು ಹೇಳಿದೆ.

ಕುಣಿಗಲ್ ಫಾರಂಗೆ ಫ್ರಾನ್ಸಿನಿಂದ ಬಂದ ಗಂಡು ಕುದುರೆ ನಮ್ಮ ಮಾತಿಗೆ ಬೆದರುತ್ತದೆಂದು, ಲಾಯದ ಕೆಲಸಕ್ಕಿದ್ದ ನೀನು ಅದರ ಜೊತೆ ಬಂದ ಸಾಹೇಬನಿಂದ ಹತ್ತು ಮಾತು ಕಲಿತಿದ್ದೆ. ಅದರ ಮೈ ಉಜ್ಜುತ್ತಾ ನನಗೂ ಹೇಳಿಕೊಡುತ್ತಿದ್ದೆ: "ದೂಸ್‌ಮಾಂ ಅಂದ್ರೆ ನಿಧಾನ ಕಣವ್ವ. ಮೂಗಲ್ಲಿ ಅನ್ನು, ಆಗ ಅದು ಕಿವಿ ಕೊಡ್ತದೆ."

ಅರ್ಜಿಯಲ್ಲೂ ನಿನ್ನನ್ನು ಸರ್ಕಾರಿ ನೌಕರ ಎಂದಷ್ಟೇ ಬರೆದಿದ್ದೆ.

ನೀನು ತೀರಿಕೊಂಡ ದಿನ ಆ ಕುದುರೆ ಮೇವು ಮುಟ್ಟಲಿಲ್ಲವಂತೆ. ನಾನು ಇವತ್ತು ಸಂದರ್ಶನ ಮುಗಿಸಿ ಬರುತ್ತಾ, ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು, ಎರಡು ತಟ್ಟೆ ಇಡ್ಲಿ ತಿಂದೆ.

ನಿನ್ನ ಮಗಳು
ಪುಟ್ಟತಾಯಿ